ಸಣ್ಣ ಕೊಳ, ದೊಡ್ಡ ಸ್ಪರ್ಧೆ: ಮಕ್ಕಳ ಈಜಿನ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ಸ್ಪರ್ಧೆಗೆ ಈಜುವ ಮಕ್ಕಳ ಪೋಷಕರಿಂದ ಈ ಬಾರಿ ಕೊಡಗಿನ ಮೂಲೆಮೂಲೆಯಿಂದ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ, ಕೇಳಿದವರ ಹೆಸರು ಬಿಟ್ಟು ಊರಿನ ಹೆಸರು ಮಾತ್ರ ಕೊಟ್ಟಿದ್ದೇವೆ. ಉತ್ತರ ಬರೆದವರು ಈಜು ತರಬೇತಿ ಮತ್ತು ಕ್ರೀಡಾ ಫಿಸಿಯೋಥೆರಪಿ ಬಲ್ಲವರು.

ಮಗನಿಗೆ 9 ವರ್ಷ. ಬೇಸಿಗೆ ಶಿಬಿರದಲ್ಲಿ ಎಲ್ಲರಿಗಿಂತ ಮುಂದಿದ್ದ. ‘ಪ್ರತಿಭೆ ಇದೆ, ಈಗಿನಿಂದಲೇ ದಿನಕ್ಕೆ ಎರಡು ಹೊತ್ತು ಈಜಿಸಿ’ ಎನ್ನುತ್ತಾರೆ. ಈಜಿಸಬೇಕೇ? — ಸೋಮವಾರಪೇಟೆ

ಬೇಡ. 9ನೇ ವಯಸ್ಸಿನಲ್ಲಿ ಮುಂದಿರುವ ಮಗು ಬಹಳ ಸಲ ಬೇಗ ಬೆಳೆದ ಮಗು, ಇಲ್ಲವೇ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಗು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ವಯೋವರ್ಗದಲ್ಲಿ ನಿಂತಾಗ ಇಬ್ಬರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಬೆಳವಣಿಗೆಯ ಅಂತರ ಇರುತ್ತದೆ. ಆ ವಯಸ್ಸಿಗೆ ಅದು ದೊಡ್ಡ ಅಂತರ.

ಈಗ ಗಮನಿಸಬೇಕಾದದ್ದು ಸ್ಟಾಪ್‌ವಾಚ್ ಅಲ್ಲ. ಕೋಚ್ ಒಂದು ತಿದ್ದುಪಡಿ ಹೇಳಿದರೆ ಮುಂದಿನ ಎರಡು ಮೂರು ಲ್ಯಾಪ್‌ನಲ್ಲಿ ಅದನ್ನು ಮಾಡಿ ತೋರಿಸುತ್ತಾನೆಯೇ? ಕಾಲು ಆಡಿಸದೆ ನೀರಿನ ಮೇಲೆ ಮೈ ನೆಟ್ಟಗೆ ಚಾಚಿ ತೇಲುತ್ತಾನೆಯೇ? ಯಾರೂ ಎಬ್ಬಿಸದೆ ಚೀಲ ಹಿಡಿದು ಹೊರಡುತ್ತಾನೆಯೇ? ಈ ಮೂರಕ್ಕೂ ‘ಹೌದು’ ಎಂದಾದರೆ ವಾರಕ್ಕೆ 3 ಅಥವಾ 4 ದಿನ, ದಿನಕ್ಕೆ 45ರಿಂದ 60 ನಿಮಿಷ ಸಾಕು. ನಾಲ್ಕೂ ಸ್ಟ್ರೋಕ್ (ಈಜುವ ಶೈಲಿ) ಕಲಿಯಲಿ. ಫ್ರೀಸ್ಟೈಲ್ ಒಂದರಲ್ಲೇ ಪದಕ ಬರುತ್ತಿದೆ ಎಂದು ಅದೊಂದನ್ನೇ ಈಜಿಸಬೇಡಿ.

ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಆರು ಕ್ಷೇತ್ರಗಳಲ್ಲಿ ಮೇಲೆ ಬಂದ 120 ಮಂದಿಯನ್ನು ಮಾತನಾಡಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಲಿಂಪಿಕ್ ಈಜುಗಾರರೂ ಇದ್ದರು. ಅಲ್ಲಿ ಕಂಡ ದಾರಿ ಹೀಗಿದೆ: ಮೊದಲ ವರ್ಷಗಳಲ್ಲಿ ಪ್ರೀತಿಯಿಂದ ಕಲಿಸುವ ಗುರು ಮತ್ತು ಆಟ, ಆಮೇಲೆ ತಂತ್ರದ ಕಟ್ಟುನಿಟ್ಟು, ಕೊನೆಗೆ ಪೂರ್ತಿ ಸಮಯ ಕೊಟ್ಟು ಪರಿಣತ ಕೋಚ್ ಬಳಿ ದುಡಿಮೆ. ಈ ಕ್ರಮ ತಿರುವುಮುರುವಾದಾಗಲೇ 13–14ರ ಹೊತ್ತಿಗೆ ಮಕ್ಕಳು ಕೊಳದತ್ತ ತಲೆ ಹಾಕುವುದನ್ನೇ ಬಿಡುತ್ತಾರೆ. ಅವಸರವೂ ಬೇಕಿಲ್ಲ. ಭಾರತದ ಈಜುಗಾರರಲ್ಲಿ ಒಲಿಂಪಿಕ್ಸ್‌ನ ನೇರ ಅರ್ಹತಾ ಮಟ್ಟವನ್ನು ಮೊದಲು ದಾಟಿದ ಸಾಜನ್ ಪ್ರಕಾಶ್ 2021ರಲ್ಲಿ 200 ಮೀ. ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡ್‌ನಲ್ಲಿ ಈಜಿದಾಗ ಅವರಿಗೆ 27 ವರ್ಷ.

ನಮ್ಮಲ್ಲಿರುವುದು 25 ಮೀಟರ್ ಕೊಳ. ಬೆಂಗಳೂರಿಗೆ ಹೋಗಿ 50 ಮೀಟರ್ ಕೊಳದಲ್ಲಿ ಈಜಿದರೆ 100 ಮೀ. ಫ್ರೀಸ್ಟೈಲ್‌ನಲ್ಲಿ ಮಗಳಿಗೆ ಮೂರು ನಾಲ್ಕು ಸೆಕೆಂಡ್ ಹೆಚ್ಚು ಹಿಡಿಯುತ್ತದೆ. ಸಣ್ಣ ಕೊಳದಲ್ಲಿ ಅಭ್ಯಾಸ ಮಾಡಿ ಪ್ರಯೋಜನ ಇದೆಯೇ? — ಕುಶಾಲನಗರ

ಇದೇ ಪ್ರಶ್ನೆ ಬೇರೆ ಊರುಗಳಿಂದಲೂ ಬಂದಿದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮೊದಲು ಲೆಕ್ಕ. 25 ಮೀಟರ್ ಕೊಳದಲ್ಲಿ 100 ಮೀಟರ್‌ಗೆ ಮೂರು ಟರ್ನ್ (ಗೋಡೆಯ ಬಳಿ ತಿರುಗುವುದು), 50 ಮೀಟರ್ ಕೊಳದಲ್ಲಿ ಒಂದೇ. ಡೈವ್ ಬದಲು ಗೋಡೆ ಒದ್ದೇ ಶುರು ಮಾಡಿ, ಗೋಡೆ ಒದ್ದಾಗಲೆಲ್ಲ 5 ಮೀಟರ್ ಜಾರುತ್ತಾಳೆ ಎಂದುಕೊಳ್ಳಿ. ಸಣ್ಣ ಕೊಳದಲ್ಲಿ ನಾಲ್ಕು ಒದೆತಕ್ಕೆ 20 ಮೀಟರ್ ಪುಕ್ಕಟೆ, ಕೈ ಬೀಸಿ ಈಜುವುದು 80 ಮೀಟರ್. ದೊಡ್ಡ ಕೊಳದಲ್ಲಿ ಪುಕ್ಕಟೆ ಸಿಗುವುದು 10 ಮೀಟರ್, ಈಜಬೇಕಾದದ್ದು 90. ಹಾಗಾಗಿ ಹೆಚ್ಚು ಹೊತ್ತು ಹಿಡಿಯುವುದು ಸಹಜ. ಆದರೆ 100 ಮೀ. ಫ್ರೀಸ್ಟೈಲ್‌ನಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಎರಡು ಸೆಕೆಂಡ್ ಆಸುಪಾಸು. ಅದಕ್ಕಿಂತ ಹೆಚ್ಚು ಹಿಡಿದರೆ ಎರಡನೇ 25 ಮೀಟರ್‌ನಲ್ಲಿ ಸ್ಟ್ರೋಕ್ ಒಡೆಯುತ್ತಿದೆ ಎಂದು ಅರ್ಥ. ಪ್ರತಿ 25ಕ್ಕೂ ಗೋಡೆ ಸಿಕ್ಕಿ ಅಭ್ಯಾಸವಾದ ಮಗುವಿಗೆ 30ನೇ ಮೀಟರ್ ದಾಟಿದ ಕೂಡಲೇ ಮೊಣಕೈ ಇಳಿಯುತ್ತದೆ, ಸೊಂಟ ಕೆಳಗೆ ಹೋಗುತ್ತದೆ.

ಇದಕ್ಕೆ ಸಣ್ಣ ಕೊಳದಲ್ಲೇ ಮದ್ದಿದೆ. ಗೋಡೆಗೆ ಎರಡು ಮೀಟರ್ ಇರುವಾಗ, ಅಂದರೆ ತಳದ ಕಪ್ಪು ಗೆರೆ ‘ಟಿ’ ಆಕಾರದಲ್ಲಿ ಮುಗಿಯುವಲ್ಲಿ, ಗೋಡೆ ಮುಟ್ಟದೆ ನೀರಲ್ಲೇ ತಿರುಗಿ ವಾಪಸ್ ಈಜಬೇಕು. ಒದೆತ ಇಲ್ಲ, ಜಾರುವುದಿಲ್ಲ, ವೇಗ ನಿಂತಲ್ಲಿಂದ ಕೈಯಲ್ಲೇ ಮತ್ತೆ ವೇಗ ಪಡೆಯಬೇಕು. ವಾರಕ್ಕೆ ಎರಡು ದಿನ 50 ಮೀಟರ್‌ನ 8 ಸುತ್ತು ಹೀಗೆ ಮಾಡಿಸಿ. ಪ್ರತಿ ಸುತ್ತಿನಲ್ಲಿ ಸ್ಟ್ರೋಕ್ (ಎಷ್ಟು ಸಲ ಕೈ ಬೀಸಿದಳು ಎಂದು) ಎಣಿಸಲಿ. ಮೊದಲ ಸುತ್ತಿಗೆ 44 ಬಂದು ಆರನೆಯದಕ್ಕೆ 50 ಆದರೆ ವಿಶ್ರಾಂತಿ 10 ಸೆಕೆಂಡ್ ಹೆಚ್ಚಿಸಿ. ದಣಿದು ಕೆಟ್ಟ ಸ್ಟ್ರೋಕ್‌ನಲ್ಲಿ ಸುತ್ತು ಮುಗಿಸಿದರೆ ಕೆಟ್ಟ ಸ್ಟ್ರೋಕೇ ಅಭ್ಯಾಸವಾಗುತ್ತದೆ.

ಇನ್ನೊಂದು ಕಡೆಯಿಂದ ನೋಡಿದರೆ ಸಣ್ಣ ಕೊಳ ವರವೇ. ಒಂದು ಗಂಟೆಯಲ್ಲಿ 2000 ಮೀಟರ್ ಈಜುವ ಮಗುವಿಗೆ 79 ಟರ್ನ್ ಸಿಗುತ್ತವೆ, 50 ಮೀಟರ್ ಕೊಳದಲ್ಲಾದರೆ 39. ಟರ್ನ್ ಚೆನ್ನಾಗಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ನಮ್ಮ ಬಹುತೇಕ ಮಕ್ಕಳು ಆ 79ನ್ನೂ ಹಾಳು ಮಾಡುತ್ತಾರೆ. ಫ್ರೀಸ್ಟೈಲ್ ಫ್ಲಿಪ್ ಟರ್ನ್ (ಪಲ್ಟಿ ಹೊಡೆದು ತಿರುಗುವುದು) ನಡೆಯಬೇಕಾದ ಕ್ರಮ ಇದು:

‘ಟಿ’ ಕಂಡ ಮೇಲೆ ಉಸಿರೆತ್ತಬಾರದು. ಕಣ್ಣು ತಳದ ಗೆರೆಯ ಮೇಲೇ ಇರಲಿ. ಗೋಡೆ ಎಲ್ಲಿದೆ ಎಂದು ತಲೆ ಎತ್ತಿ ನೋಡಿದ ಕ್ಷಣ ಸೊಂಟ ಮುಳುಗಿ ವೇಗ ಸಾಯುತ್ತದೆ. ಕೊನೆಯ ಕೈ ತೊಡೆಯ ಬಳಿ ಬಂದಾಗ ಎರಡೂ ಕೈ ಸೊಂಟದ ಪಕ್ಕ ಇರುತ್ತವೆ. ಅಲ್ಲಿಂದ ಗಲ್ಲ ಎದೆಗೆ ಒತ್ತಿ, ಮೊಣಕಾಲು ಮಡಚಿ, ಸಣ್ಣ ಉಂಡೆಯಾಗಿ ಉರುಳಬೇಕು. ಉಂಡೆ ದೊಡ್ಡದಾದಷ್ಟೂ ತಿರುಗುವುದು ನಿಧಾನ. ಪಾದಗಳು ಭುಜದಗಲ ಬಿಟ್ಟು, ನೀರಿನ ಮಟ್ಟದಿಂದ 30–40 ಸೆಂ.ಮೀ. ಕೆಳಗೆ, ಬೆರಳು ಮೇಲ್ಮುಖವಾಗಿ ಗೋಡೆಗೆ ತಾಗಬೇಕು. ಪಾದ ತೀರ ಮೇಲೆ ತಾಗಿದರೆ ಮಗು ತಳದ ಕಡೆಗೆ ಹಾರುತ್ತದೆ, ತೀರ ಕೆಳಗೆ ತಾಗಿದರೆ ಮೇಲಕ್ಕೆ ಚಿಮ್ಮುತ್ತದೆ. ಪಾದ ತಾಗುವ ಹೊತ್ತಿಗೇ ಕೈಗಳು ತಲೆಯ ಹಿಂದೆ ಒಂದರ ಮೇಲೊಂದು ಜೋಡಿಸಿ, ಮೇಲಿನ ಕೈಯ ಹೆಬ್ಬೆರಳು ಕೆಳಗಿನ ಕೈಯನ್ನು ಬಿಗಿಹಿಡಿದು, ತೋಳು ಕಿವಿಯ ಹಿಂದೆ ಒತ್ತಿರಬೇಕು. ಹೆಚ್ಚು ಮಕ್ಕಳು ಎಡವುವುದು ಇಲ್ಲೇ: ಮೊದಲು ಒದ್ದು, ಆಮೇಲೆ ಕೈ ಜೋಡಿಸುತ್ತಾರೆ. ಒದ್ದ ಕ್ಷಣದ ವೇಗ ಇಡೀ ಲ್ಯಾಪ್‌ನಲ್ಲೇ ಅತಿ ಹೆಚ್ಚು. ಆಗ ಕೈ ಬಿಚ್ಚಿಕೊಂಡಿದ್ದರೆ ಗಳಿಸಿದ್ದೆಲ್ಲ ನೀರುಪಾಲು.

ಬೆನ್ನ ಮೇಲೇ ಒದ್ದು, ಜಾರುತ್ತಾ ಹೊಟ್ಟೆಗೆ ಹೊರಳಲಿ. ಗೋಡೆಯಲ್ಲೇ ಪೂರ್ತಿ ತಿರುಗಲು ಹೋದರೆ ಸಮಯ ವ್ಯರ್ಥ. ಮೂರು ನಾಲ್ಕು ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಮೀನಿನಂತೆ ಒದೆಯುವುದು), ಆಮೇಲೆ ಮೇಲೆ ಬರುವುದು. ನಿಯಮದ ಪ್ರಕಾರ 15 ಮೀಟರ್ ಒಳಗೆ ತಲೆ ಹೊರಬರಬೇಕು, ಆದರೆ 12 ವರ್ಷದ ಮಗು ಅಷ್ಟು ದೂರ ಹೋಗಲು ನೋಡಿದರೆ ನೀರೊಳಗೇ ನಿಧಾನವಾಗುತ್ತದೆ. ವೇಗ ಈಜುವ ವೇಗಕ್ಕೆ ಇಳಿಯುವ ಮುನ್ನ ಮೇಲೆ ಬರಬೇಕು, ಹೆಚ್ಚಿನ ಮಕ್ಕಳಿಗೆ ಅದು 6–8 ಮೀಟರ್. ಮೇಲೆ ಬಂದ ಮೊದಲ ಸ್ಟ್ರೋಕ್‌ನಲ್ಲಿ ಉಸಿರು ತೆಗೆಯಬಾರದು.

ಸರಿಯಾಗುತ್ತಿದೆಯೇ ಎಂದು ಅಳೆಯಲು ಮೊಬೈಲ್ ಸಾಕು. ಕೊಳದ ಅಂಚಿನಲ್ಲಿ ಗೋಡೆಯಿಂದ 5 ಮತ್ತು 10 ಮೀಟರ್‌ಗೆ ಬಣ್ಣದ ಟೇಪ್ ಅಂಟಿಸಿ. ಒಳಬರುವಾಗ ತಲೆ 5 ಮೀಟರ್ ಗುರುತು ದಾಟಿದಲ್ಲಿಂದ, ಹೊರಹೋಗುವಾಗ 10 ಮೀಟರ್ ದಾಟುವವರೆಗೆ ವಿಡಿಯೋ ತೆಗೆದು ಫ್ರೇಮ್ ಎಣಿಸಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ 15 ಫ್ರೇಮ್ ಉಳಿಸಿದಂತೆ ಅರ್ಧ ಸೆಕೆಂಡ್ ಉಳಿಯಿತು. ತಿಂಗಳಿಗೊಮ್ಮೆ ಬರೆದಿಡಿ.

ದಿನಕ್ಕೆ ಇನ್ನೂ 500 ಮೀಟರ್ ಸೇರಿಸುವುದಕ್ಕಿಂತ ಇರುವ 79 ಟರ್ನ್‌ಗಳನ್ನು ಒಂದೂ ಬಿಡದೆ ಸರಿ ಮಾಡುವುದರಿಂದ ನಮ್ಮ ಜಿಲ್ಲೆಯ ಮಕ್ಕಳು ಹೆಚ್ಚು ಮುಂದೆ ಹೋಗುತ್ತಾರೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ವಾರ್ಮ್‌ಅಪ್‌ನಲ್ಲೂ ಸರಿಯಾದ ಟರ್ನ್ ಮಾಡುವ ಮಗು ಸ್ಪರ್ಧೆಯ ದಿನ ಅದರ ಬಗ್ಗೆ ಯೋಚಿಸಬೇಕಾಗಿಯೇ ಬರುವುದಿಲ್ಲ.

ಒಂದು ಎಚ್ಚರಿಕೆ. ಟರ್ನ್ ಎಲ್ಲಿಯೂ ಕಲಿಯಬಹುದು, ಡೈವ್ ಹಾಗಲ್ಲ. ಸ್ಟಾರ್ಟಿಂಗ್ ಬ್ಲಾಕ್ (ನೀರಿಗೆ ಹಾರಲು ನಿಲ್ಲುವ ಕಟ್ಟೆ) ಇರುವ ಕಡೆ ಗೋಡೆಯಿಂದ 1 ಮೀಟರ್‌ನಿಂದ 6 ಮೀಟರ್‌ವರೆಗೆ ಕನಿಷ್ಠ 1.35 ಮೀಟರ್ ಆಳ ಇರಬೇಕೆಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಕಲಿಯುವವರಿಗೆ ಅದಕ್ಕಿಂತ ಹೆಚ್ಚು ಆಳವೇ ಸುರಕ್ಷಿತ. ಸೊಂಟಮಟ್ಟದ ರೆಸಾರ್ಟ್ ಕೊಳದಲ್ಲಿ ತಲೆ ಕೆಳಗಾಗಿ ಹಾರಿದರೆ ಕುತ್ತಿಗೆಯ ಮೂಳೆ ಮುರಿಯಬಹುದು. ಅಂಥ ಕಡೆ ಡೈವ್ ಬೇಡವೇ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ತೆರೆದ ಕೊಳಕ್ಕೆ ಇಳಿಯುವುದೇ ಕಷ್ಟ. ನಾಲ್ಕು ತಿಂಗಳ ಬಿಡುವಿನಿಂದ ಕಲಿತದ್ದೆಲ್ಲ ಹೋಗುತ್ತದೆಯೇ? ಮಡಿಕೇರಿ ಎತ್ತರದಲ್ಲಿರುವುದರಿಂದ ದಮ್ಮು (ಸುಸ್ತಾಗದೆ ಈಜುವ ಶಕ್ತಿ) ಹೆಚ್ಚುತ್ತದೆ ಎನ್ನುವುದು ನಿಜವೇ? — ಮಡಿಕೇರಿ

ಎರಡನೆಯದಕ್ಕೆ ಮೊದಲು ಉತ್ತರ: ಇಲ್ಲ. ಎತ್ತರದ ತರಬೇತಿಗೆ ಕ್ರೀಡಾಪಟುಗಳು ಹೋಗುವುದು ಸಾಮಾನ್ಯವಾಗಿ 1800–2500 ಮೀಟರ್‌ಗೆ. ಮಡಿಕೇರಿ ಅದಕ್ಕಿಂತ ಬಹಳ ಕೆಳಗಿದೆ.

ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಳೆಗಾಲದ ತೆರೆದ ಕೊಳ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಇಳಿಯುವ ಮುನ್ನ ಥರ್ಮಾಮೀಟರ್ ಹಾಕಿ ನೋಡಿ. 22ಕ್ಕಿಂತ ಕಡಿಮೆ ಇದ್ದರೆ ತೆಳ್ಳಗಿನ ಮಕ್ಕಳನ್ನು ಅರ್ಧ ಗಂಟೆಗಿಂತ ಹೆಚ್ಚು ಇಡಬೇಡಿ, ಗೋಡೆ ಹಿಡಿದು ಕಾಯುವಂಥ ಅಭ್ಯಾಸ ಕೊಡಬೇಡಿ. ತುಟಿ ನೀಲಿಯಾಗುವುದು ಎಲ್ಲರಿಗೂ ಗೊತ್ತು, ಅದರ ಜೊತೆ ಗಮನಿಸಬೇಕಾದ ಲಕ್ಷಣ ಬೆರಳುಗಳದು: ಕೈಬೆರಳು ಜೋಡಿಸಲು ಆಗದೆ ಅಗಲವಾಗಿ ನಿಲ್ಲುತ್ತವೆ. ಕಂಡ ಕೂಡಲೇ ಹೊರಗೆ ತನ್ನಿ. ಗುಡುಗು ಕೇಳಿದರೆ ಎಲ್ಲರೂ ಹೊರಗೆ, ಕೊನೆಯ ಗುಡುಗಿನ ನಂತರ 30 ನಿಮಿಷ ಯಾರೂ ಇಳಿಯಬಾರದು. ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗೆ ಈ ನಿಯಮ ಇನ್ನೂ ಮುಖ್ಯ.

ಧಾರಾಕಾರ ಮಳೆಯ ಮರುದಿನ ಕೊಳ ನಡೆಸುವವರನ್ನು ಕೇಳಿ: ಕ್ಲೋರಿನ್ ಎಷ್ಟಿದೆ, ಪಿಎಚ್ ಎಷ್ಟು? ಉಳಿಕೆ ಕ್ಲೋರಿನ್ ಲೀಟರಿಗೆ 1–3 ಮಿ.ಗ್ರಾಂ, ಪಿಎಚ್ 7.2ರಿಂದ 7.8 ಇರಬೇಕು. ಮಳೆನೀರು ಸೇರಿ ಎರಡೂ ಏರುಪೇರಾಗುತ್ತವೆ. ಮೂಗಿಗೆ ಅಡರುವ ‘ಕ್ಲೋರಿನ್ ವಾಸನೆ’ ನೀರು ಶುದ್ಧವಾಗಿದೆ ಎಂಬುದರ ಗುರುತಲ್ಲ. ಬೆವರು, ಮೂತ್ರದೊಂದಿಗೆ ಬೆರೆತ ಕ್ಲೋರಿನ್ ಕ್ಲೋರಮೈನ್ ಆಗಿರುವುದರಿಂದ ಬರುವ ವಾಸನೆ ಅದು. ಕಣ್ಣುರಿ, ಕೆಮ್ಮು ಅದರಿಂದಲೇ.

ಬಿಡುವಿನ ವಿಷಯ. ಎರಡು ಮೂರು ವಾರ ನೀರು ಬಿಟ್ಟರೆ ಕೈಗೆ ನೀರಿನ ಹಿಡಿತ ತಪ್ಪುತ್ತದೆ, ನಾಲ್ಕು ತಿಂಗಳು ಬಿಟ್ಟರೆ ದಮ್ಮೂ ಇಳಿಯುತ್ತದೆ. ವಾರಕ್ಕೆ ಎರಡು ದಿನ ನೀರು ಸಿಕ್ಕರೆ ಬಹುಪಾಲು ಉಳಿಯುತ್ತದೆ. ಕುಶಾಲನಗರದ ಕಡೆ ಮಡಿಕೇರಿಯಷ್ಟು ಮಳೆಯಿಲ್ಲ, ಅಲ್ಲಿ ಕೊಳ ಸಿಗುವುದಾದರೆ ಅದೇ ಮೊದಲ ಆಯ್ಕೆ. ಮೈಸೂರು ಮಡಿಕೇರಿಯಿಂದ ಸುಮಾರು 120 ಕಿ.ಮೀ. ಪ್ರತಿ ವಾರ ಹೋಗಿಬರುವುದು ಮಗುವಿಗೂ ಮನೆಯವರಿಗೂ ಹೊರೆ. ತಿಂಗಳಿಗೆ ಒಂದು ಶನಿವಾರ–ಭಾನುವಾರ ಉಳಿದು ನಾಲ್ಕು ಹೊತ್ತು ಈಜಿಸುವುದು ಲೇಸು.

ಮನೆಯಲ್ಲಿ ದಿನಕ್ಕೆ 30 ನಿಮಿಷ: ಜಗಲಿಯ ಕಂಬಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಸೊಂಟದಿಂದ ಮುಂದೆ ಬಾಗಿ, ಮೊಣಕೈ ಎತ್ತರದಲ್ಲೇ ಇಟ್ಟು ಫ್ರೀಸ್ಟೈಲ್ ಎಳೆತ 15ರಂತೆ 3 ಸುತ್ತು, ಹಗ್ಗದಾಟ ಒಂದೊಂದು ನಿಮಿಷದ 5 ಸುತ್ತು, ಪ್ಲ್ಯಾಂಕ್ 30 ಸೆಕೆಂಡ್‌ನ 4 ಸುತ್ತು, ಹಿಮ್ಮಡಿಯ ಮೇಲೆ ಕುಳಿತು ಪಾದ ಚಾಚುವ ವ್ಯಾಯಾಮ. ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ಪಾದ ಚಾಚಲು ಬಾರದ ಮಗು ಎಷ್ಟು ಕಿಕ್ ಹೊಡೆದರೂ ಮುಂದೆ ಹೋಗುವುದಿಲ್ಲ.

ಮಗಳಿಗೆ 13. ಒಂದು ವರ್ಷದಿಂದ ಟೈಮಿಂಗ್ ಅಲ್ಲೇ ನಿಂತಿದೆ. ‘ದಪ್ಪ ಆಗಿದ್ದಾಳೆ, ಊಟ ಕಡಿಮೆ ಮಾಡಿ’ ಎಂದು ಕೋಚ್ ಹೇಳಿದ್ದಾರೆ. — ಗೋಣಿಕೊಪ್ಪ

ಊಟ ಕಡಿಮೆ ಮಾಡಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹೆಣ್ಣುಮಕ್ಕಳಿಗೆ ಎತ್ತರದ ವೇಗದ ಬೆಳವಣಿಗೆ 12ರ ಸುಮಾರಿಗೆ, ಗಂಡುಮಕ್ಕಳಿಗೆ 14ರ ಸುಮಾರಿಗೆ. ಆ ಹೊತ್ತಿನಲ್ಲಿ ಕೈಕಾಲು ಉದ್ದವಾಗುತ್ತವೆ, ಸೊಂಟ ಅಗಲವಾಗುತ್ತದೆ, ದೇಹ ನೀರಲ್ಲಿ ತೇಲುವ ಸಮತೋಲ ಬದಲಾಗುತ್ತದೆ. ಹಳೆಯ ಸ್ಟ್ರೋಕ್ ಹೊಸ ದೇಹಕ್ಕೆ ಹೊಂದುವುದಿಲ್ಲ. ಒಂದು ಒಂದೂವರೆ ವರ್ಷ ಟೈಮಿಂಗ್ ನಿಲ್ಲುವುದು ಸಾಮಾನ್ಯ. ಈ ಅವಧಿಯಲ್ಲಿ ದೂರ ಹೆಚ್ಚಿಸದೆ ಸ್ಟ್ರೋಕ್ ಮತ್ತೆ ಕಟ್ಟಬೇಕು, ಬೇರೆ ಸ್ಟ್ರೋಕ್‌ಗಳನ್ನೂ 200 ಮೀಟರ್‌ನಂಥ ದೂರಗಳನ್ನೂ ಪ್ರಯತ್ನಿಸಬೇಕು.

ಜೊತೆಗೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಬೇಗ ಏದುಸಿರು, ಅಭ್ಯಾಸದ ಕೊನೆಯಲ್ಲಿ ಕುಸಿತ ಅದರಿಂದಲೇ ಇರಬಹುದು, ಚಿಕಿತ್ಸೆ ವೈದ್ಯರದು. ಮುಟ್ಟು ಮೂರು ತಿಂಗಳು ನಿಂತರೂ ವೈದ್ಯರಿಗೆ ತೋರಿಸಿ, ದುಡಿತಕ್ಕೆ ತಕ್ಕ ಊಟ ಸಾಲುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು. ಎಲ್ಲರೆದುರು ತೂಕ ನೋಡುವ ಪದ್ಧತಿ ಕೊಳದಲ್ಲಿದ್ದರೆ ನಿಲ್ಲಿಸಲು ಹೇಳಿ.

14ರ ಮಗನಿಗೆ ಬಲ ಭುಜದ ಮುಂಭಾಗ ನೋವು. ಈಜು ಪೂರ್ತಿ ನಿಲ್ಲಿಸಬೇಕೇ? — ನಾಪೋಕ್ಲು

ಬಹುಶಃ ಬೇಕಿಲ್ಲ, ಆದರೆ ಕಾರಣ ಹುಡುಕದೆ ಮುಂದುವರಿಸಬಾರದು. ಮುಂದಿನಿಂದ ವಿಡಿಯೋ ತೆಗೆಯಿರಿ. ಕೈ ನೀರಿಗೆ ಇಳಿಯುವಾಗ ಹೆಬ್ಬೆರಳು ಮೊದಲು ಇಳಿಯುತ್ತದೆಯೇ, ತಲೆಯ ನಡುಗೆರೆ ದಾಟುತ್ತದೆಯೇ, ಉಸಿರು ಯಾವಾಗಲೂ ಒಂದೇ ಕಡೆಗೆ ತೆಗೆಯುತ್ತಾನೆಯೇ ನೋಡಿ. ಕೈ ಭುಜದ ನೇರಕ್ಕೆ, ಬೆರಳತುದಿ ಮೊದಲು ಇಳಿಯಬೇಕು.

ಪ್ಯಾಡಲ್ (ಅಂಗೈಗೆ ಕಟ್ಟುವ ಹಲಗೆ) ಮತ್ತು ಬಟರ್‌ಫ್ಲೈ ಸದ್ಯಕ್ಕೆ ಬಿಡಿ. ಕಿಕ್ ಬೋರ್ಡ್ ಕೂಡ ಬಿಡಿ. ಬೋರ್ಡ್ ಹಿಡಿದು ಕೈ ಚಾಚಿಟ್ಟರೆ ನೋವಿನ ಭುಜವೇ ಒತ್ತಡ ತಡೆಯಬೇಕಾಗುತ್ತದೆ, ಇದನ್ನು ‘ವಿಶ್ರಾಂತಿ’ ಎಂದು ಕೊಡುವ ಕೋಚ್‌ಗಳು ಬಹಳ. ಕೈ ಪಕ್ಕಕ್ಕಿಟ್ಟು ಬೆನ್ನ ಮೇಲೆ ಕಿಕ್ ಮಾಡಲಿ. ಮೊಣಕೈ ಪಕ್ಕೆಗೆ ಒತ್ತಿ, ನಡುವೆ ಮಡಚಿದ ಟವೆಲ್ ಇಟ್ಟು, ಹಗುರ ಬ್ಯಾಂಡ್ ಹೊರಕ್ಕೆ ಎಳೆಯುವ ವ್ಯಾಯಾಮ 15ರಂತೆ 3 ಸುತ್ತು, ನೋವಾಗದ ಮಟ್ಟಿಗೆ. ನೋವು ಹೋದ ಮೇಲೆ ವಾರಕ್ಕೆ ಶೇ 10ರಷ್ಟೇ ದೂರ ಏರಿಸಿ. ರಾತ್ರಿ ನೋವು, ಕೈ ಜೋಮು, ಅಥವಾ ಎರಡು ವಾರವಾದರೂ ಇಳಿಯದ ನೋವು ಇದ್ದರೆ ಮೂಳೆ ತಜ್ಞರಿಗೆ ತೋರಿಸಬೇಕು.

ತೋಟದ ಕೆರೆಯಲ್ಲೋ ಹೊಳೆಯಲ್ಲೋ ಅಭ್ಯಾಸ ಮಾಡಿಸಬಹುದೇ? — ಸಿದ್ದಾಪುರ

ಸ್ಪರ್ಧೆಯ ಅಭ್ಯಾಸಕ್ಕೆ ಅದು ಆಗುವುದಿಲ್ಲ. ಗೆರೆ ಇಲ್ಲ, ಗೋಡೆ ಇಲ್ಲ, ದೂರದ ಅಳತೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಕಾಫಿ ತೋಟದ ಟಾರ್ಪಾಲ್ ಹಾಸಿದ ನೀರಿನ ಹೊಂಡಕ್ಕೆ ಯಾರನ್ನೂ ಇಳಿಸಬೇಡಿ. ಪಾಚಿ ಕಟ್ಟಿದ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಚೆನ್ನಾಗಿ ಈಜು ಬಲ್ಲವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ, ಸುಸ್ತಾಗಿ ಮುಳುಗುತ್ತಾರೆ. ಇಂಥ ಹೊಂಡವಿರುವ ಎಲ್ಲರೂ ನಾಲ್ಕೂ ಬದಿ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಗಾಳಿ ತುಂಬಿದ ಟ್ಯೂಬ್ ಇಟ್ಟು, ಸುತ್ತ ಬೇಲಿ ಹಾಕಲೇಬೇಕು. ಹೊಳೆಯಲ್ಲಿ ಮೇಲೆ ಮಳೆಯಾದರೆ, ಅಣೆಕಟ್ಟಿನಿಂದ ನೀರು ಬಿಟ್ಟರೆ ಬಿಸಿಲಿರುವಾಗಲೇ ಮಟ್ಟ ಏರುತ್ತದೆ.

ಹುಡುಗರು 25 ಮೀಟರ್ ನೀರೊಳಗೇ ಉಸಿರು ಕಟ್ಟಿ ದಾಟುವ ಪಂದ್ಯ ಕಟ್ಟುತ್ತಾರೆ. ದಮ್ಮಿಗೆ ಒಳ್ಳೆಯದೇ? — ಅಮ್ಮತ್ತಿ

ಇವತ್ತೇ ನಿಲ್ಲಿಸಿ. ಇಳಿಯುವ ಮುನ್ನ ಜೋರಾಗಿ ಹತ್ತಾರು ಉಸಿರು ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ಬೇಕು ಎಂದು ಮಿದುಳಿಗೆ ತಿಳಿಸುವುದು ಅದೇ. ಆ ಸೂಚನೆ ಬರುವ ಮೊದಲೇ ಆಮ್ಲಜನಕ ಮುಗಿದು, ಒದ್ದಾಟವಿಲ್ಲದೆ, ಸದ್ದಿಲ್ಲದೆ ಪ್ರಜ್ಞೆ ಹೋಗುತ್ತದೆ. ನೋಡುತ್ತಿರುವವರಿಗೆ ಮಗು ಇನ್ನೂ ಈಜುತ್ತಿದೆ ಎಂದೇ ಅನಿಸುತ್ತದೆ.

ಮಗಳು ಹಾಕಿಯೂ ಈಜೂ ಎರಡೂ ಬೇಕು ಎನ್ನುತ್ತಾಳೆ. — ಪೊನ್ನಂಪೇಟೆ

12–13ರವರೆಗೆ ಎರಡೂ ಇರಲಿ. ಒಂದೇ ದಿನ ಎರಡನ್ನೂ ಗಟ್ಟಿಯಾಗಿ ಮಾಡಿಸಬೇಡಿ, ವಾರಕ್ಕೊಂದು ದಿನ ಪೂರ್ತಿ ಬಿಡುವು ಕೊಡಿ.

ಬೆಳಿಗ್ಗೆ 5.30ಕ್ಕೆ ಕೊಳ. ಏನು ತಿನ್ನಿಸಬೇಕು? — ವಿರಾಜಪೇಟೆ

ಹೊರಡುವ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು ಅಥವಾ ಮೂರು ನಾಲ್ಕು ಖರ್ಜೂರ, ಒಂದು ಲೋಟ ನೀರು. ಎಣ್ಣೆಯದ್ದು ಬೇಡ. ಕೊಳದ ಅಂಚಿನಲ್ಲಿ ನೀರಿನ ಬಾಟಲಿ ಇರಲಿ, ನೀರಲ್ಲೂ ಬೆವರುತ್ತದೆ. ಮುಗಿದು ಒಂದು ಗಂಟೆಯೊಳಗೆ 40 ಕಿಲೋ ತೂಕದ ಮಗುವಿಗೆ ಸುಮಾರು 12 ಗ್ರಾಂ ಪ್ರೋಟೀನ್, 40 ಗ್ರಾಂ ಶರ್ಕರಪಿಷ್ಟ ಸಿಕ್ಕರೆ ಸಾಕು: ಎರಡು ಮೊಟ್ಟೆಯ ಜೊತೆ ಅಕ್ಕಿ ಒಟ್ಟಿಯೋ (ಅಕ್ಕಿ ರೊಟ್ಟಿ) ನೂಪುಟ್ಟೋ (ಒತ್ತು ಶಾವಿಗೆ) ಸರಿಹೊಂದುತ್ತದೆ. ಮೊಟ್ಟೆ ತಿನ್ನದವರು ಒಂದು ದೊಡ್ಡ ಲೋಟ ಹಾಲು, ಹೆಸರುಕಾಳು ಪಲ್ಯ ಕೊಡಿ. ಪಂದಿ ಕರಿ ಮರುದಿನ ಅಭ್ಯಾಸವಿಲ್ಲದ ರಾತ್ರಿಗಿರಲಿ, ಜೀರ್ಣವಾಗಲು ಹೊತ್ತು ಬೇಕು. ಪ್ರೋಟೀನ್ ಪುಡಿ ಬೇಕಿಲ್ಲ. 13 ದಾಟಿದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಅಂದರೆ 5.30ರ ಕೊಳಕ್ಕೆ ರಾತ್ರಿ 8.30–9ಕ್ಕೆ ಮಲಗಬೇಕು. ಅದು ಸಾಧ್ಯವಾಗದ ಮನೆಯಲ್ಲಿ ಸಂಜೆಯ ಅಭ್ಯಾಸವೇ ಒಳ್ಳೆಯದು.

ಎಷ್ಟು ವೇಗದಲ್ಲಿ ಅಭ್ಯಾಸ ಮಾಡಿಸಬೇಕು ಎಂದು ಲೆಕ್ಕ ಹಾಕುವುದು ಹೇಗೆ? — ಶನಿವಾರಸಂತೆ

ಒಂದು ದಿನ 400 ಮೀ., ಚೆನ್ನಾಗಿ ದಣಿವಾರಿಸಿಕೊಂಡು 200 ಮೀ. ಪೂರ್ತಿ ಶಕ್ತಿಯಿಂದ ಈಜಿಸಿ. 400ಕ್ಕೆ 6 ನಿಮಿಷ 20 ಸೆಕೆಂಡ್, 200ಕ್ಕೆ 3 ನಿಮಿಷ ಬಂತು ಎಂದುಕೊಳ್ಳಿ. ವ್ಯತ್ಯಾಸ 200 ಸೆಕೆಂಡ್, ಅದರ ಅರ್ಧ 100. ದಮ್ಮು ಬೆಳೆಸುವ ಅಭ್ಯಾಸಕ್ಕೆ 100 ಮೀಟರ್‌ಗೆ 1 ನಿಮಿಷ 40 ಸೆಕೆಂಡ್ ಸರಿಯಾದ ವೇಗ. 100 ಮೀಟರ್‌ನ 8 ಸುತ್ತು, ನಡುವೆ 15–20 ಸೆಕೆಂಡ್ ವಿಶ್ರಾಂತಿ. ಮೊದಲ ಸುತ್ತು 1.32, ಕೊನೆಯದು 1.50 ಆದರೆ ಅಭ್ಯಾಸ ಕೆಟ್ಟಂತೆ, ಎಂಟೂ ಒಂದೆರಡು ಸೆಕೆಂಡ್ ಒಳಗೆ ಬರಬೇಕು. ಆರೆಂಟು ವಾರಕ್ಕೊಮ್ಮೆ ಮತ್ತೆ ಅಳೆಯಿರಿ.

11 ವರ್ಷದ ಮಗನನ್ನು ಬೆಂಗಳೂರಿಗೆ ಕಳಿಸಬೇಕೇ? — ಮೂರ್ನಾಡು

ಬೆಂಗಳೂರಿನಲ್ಲಿ 50 ಮೀಟರ್ ಕೊಳ, ಜೊತೆಗೆ ಈಜುವ ಬಲವಾದ ಮಕ್ಕಳು, ವರ್ಷವಿಡೀ ನೀರು ಇವೆ. ಒಲಿಂಪಿಕ್ ಈಜುಗಾರ ಶ್ರೀಹರಿ ನಟರಾಜ್, 14ನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಧಿನಿಧಿ ದೇಸಿಂಗು ಅಲ್ಲಿಯವರೇ. ಆದರೆ ಅವರು ಮನೆಯವರ ಜೊತೆಗಿದ್ದು ಬೆಳೆದವರು ಎಂಬುದನ್ನು ಮರೆಯಬೇಡಿ. 11ಕ್ಕೆ ಹಾಸ್ಟೆಲ್ ಬೇಗವಾಯಿತು. 14–15ರವರೆಗೆ ಇಲ್ಲೇ ಇದ್ದು, ರಜೆಯಲ್ಲಿ ಎರಡು ಮೂರು ವಾರ ಅಲ್ಲಿ ಅಭ್ಯಾಸ ಮಾಡಲಿ. ಕಳಿಸುವ ಮುನ್ನ ನೋಡಬೇಕಾದದ್ದು ಕೊಳದ ಹೆಸರಲ್ಲ: ಒಂದು ಲೇನ್‌ಗೆ ಎಷ್ಟು ಮಕ್ಕಳು, ನಿಮ್ಮ ಮಗುವಿನ ಲೇನ್ ನೋಡುವ ಕೋಚ್ ಯಾರು, ಶಾಲೆಯ ಸಮಯ ಹೊಂದುತ್ತದೆಯೇ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ನೀವು ಹೋಗಿ ನೋಡಿಬರಲು ಆಗುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮೊದಲು ಬಂದರೂ ಅನರ್ಹ ಎಂದರು. ಕಾರಣ ಸರಿಯಾಗಿ ತಿಳಿಯಲಿಲ್ಲ. — ಮಡಿಕೇರಿ

ಮಕ್ಕಳಲ್ಲಿ ಸಾಮಾನ್ಯ ಕಾರಣ ಮೂರು. ಟರ್ನ್‌ನಲ್ಲಿ ಅಥವಾ ಕೊನೆಯಲ್ಲಿ ಎರಡೂ ಕೈ ಒಟ್ಟಿಗೆ, ಬೇರೆಬೇರೆಯಾಗಿ ಇಟ್ಟು ಗೋಡೆ ಮುಟ್ಟದಿರುವುದು. ಒಂದು ಕಾಲು ಕತ್ತರಿಯಂತೆ ಬೇರೆ ರೀತಿ ಒದೆಯುವುದು. ಸ್ಟಾರ್ಟ್ ಅಥವಾ ಟರ್ನ್ ನಂತರ ನೀರೊಳಗೆ ಒಂದರ ಬದಲು ಎರಡು ಡಾಲ್ಫಿನ್ ಕಿಕ್ ಹೊಡೆಯುವುದು. ಅಭ್ಯಾಸದಲ್ಲಿ ಒಂದು ಕೈಯಿಂದ ಗೋಡೆ ಮುಟ್ಟುವ ಮಗು ಸ್ಪರ್ಧೆಯಲ್ಲೂ ಹಾಗೇ ಮುಟ್ಟುತ್ತದೆ. ಅಂಥ ಲ್ಯಾಪ್ ಲೆಕ್ಕಕ್ಕಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ. ಅನರ್ಹ ಮಾಡಿದಾಗ ಯಾವ ನಿಯಮದಡಿ ಎಂದು ರೆಫರಿಯನ್ನು ಕೋಚ್ ಕೇಳಿ ತಿಳಿಯಬಹುದು. ಒಪ್ಪಿಗೆಯಿಲ್ಲದಿದ್ದರೆ ಅಂತರರಾಷ್ಟ್ರೀಯ ನಿಯಮದಂತೆ ಆ ಸ್ಪರ್ಧೆ ಮುಗಿದ 30 ನಿಮಿಷದೊಳಗೆ ತಂಡದ ಮುಖ್ಯಸ್ಥರು ಬರಹದಲ್ಲಿ, ಠೇವಣಿಯೊಂದಿಗೆ ಆಕ್ಷೇಪ ಸಲ್ಲಿಸಬೇಕು. ಠೇವಣಿ ಎಷ್ಟು, ಯಾರಿಗೆ ಕೊಡಬೇಕು ಎಂಬುದನ್ನು ಸ್ಪರ್ಧೆಯ ಸುತ್ತೋಲೆಯಲ್ಲಿ ಮೊದಲೇ ಓದಿಟ್ಟುಕೊಂಡು ಹೊರಡಿ.